ಬೆಸುಗೆ ಹಾಕಿದ ಮಾತ್ರಕ್ಕೆ ಅಂಚು ಬಿಗಿಯಾಗುವುದಿಲ್ಲ

ಸಿಲಿಂಡರಿಗೆ ಸುತ್ತಲೂ ಬೆಸೆದ ಚಪ್ಪಟೆ ಮುಚ್ಚಳದ ಅಂಚನ್ನು ಲೆಕ್ಕದಲ್ಲಿ ಬಿಗಿ (ಸ್ವಲ್ಪವೂ ತಿರುಗದ್ದು) ಎಂದು ಹಿಡಿಯಬೇಕೋ ಸರಳ ಆಧಾರ (ಕದಲದಿದ್ದರೂ ಮುಕ್ತವಾಗಿ ತಿರುಗುವುದು) ಎಂದು ಹಿಡಿಯಬೇಕೋ, ಎರಡರಲ್ಲಿ ಯಾವುದು ಸುರಕ್ಷಿತ ಎಂದು ಕೇಳಿದ್ದೀರಿ. ಎರಡೂ ಅಲ್ಲ. ಇದೇ ಪ್ರಶ್ನೆಯನ್ನು ಹಿಂದೊಮ್ಮೆ ನಾನೂ ಕೇಳಿಕೊಂಡಿದ್ದೆ, ಬಿಗಿ ಎಂದು ಉತ್ತರವನ್ನೂ ಕೊಟ್ಟುಕೊಂಡಿದ್ದೆ. ಅದರ ಫಲ ಒಂದು ಪಾತ್ರೆಯ ಒಳಮೈಯಲ್ಲಿ ಬಿರುಕಾಗಿ ಕಾಣಿಸಿಕೊಂಡಿತು.

ಕೆಲಸಕ್ಕೆ ಸೇರಿದ ಹೊಸತು. ದಿನಕ್ಕೆ ಹಲವು ಸಲ ಒತ್ತಡ ತುಂಬಿ ಇಳಿಸುವ ಉಕ್ಕಿನ ಪಾತ್ರೆ. ತ್ರಿಜ್ಯ 500 ಮಿ.ಮೀ., ಸಿಲಿಂಡರಿನ ದಪ್ಪ 10 ಮಿ.ಮೀ., ಒಳಗಿನ ಒತ್ತಡ 0.8 ಮೆಗಾಪಾಸ್ಕಲ್. ಹಳೆಯ ನಕ್ಷೆಯಲ್ಲಿ ಮುಚ್ಚಳದ ದಪ್ಪ 50 ಮಿ.ಮೀ. ಇತ್ತು. ತೂಕ ಇಳಿಸಲು ಸಾಧ್ಯವೇ ನೋಡಿ ಎಂದರು. ನೋಡಿದೆ. ಸುತ್ತಲೂ ಪೂರ್ಣ ಬೆಸುಗೆ ಇರುವಾಗ ಅಂಚು ತಿರುಗುವುದೆಲ್ಲಿಂದ ಬಂತು ಎಂದುಕೊಂಡು ಅಂಚಿಗೆ ‘ಬಿಗಿ’ ಎಂದು ಗುರುತು ಹಾಕಿದೆ. 40 ಮಿ.ಮೀ. ದಪ್ಪಕ್ಕೆ ಅಂಚಿನಲ್ಲಿ 94 ಮೆಗಾಪಾಸ್ಕಲ್ ಸ್ಟ್ರೆಸ್ (ಲೋಹದೊಳಗೆ ಪ್ರತಿ ಚದರ ಅಳತೆಗೆ ಹುಟ್ಟುವ ಬಲ), ನಡುವಿನಲ್ಲಿ 61, ನಡುಭಾಗದ ಉಬ್ಬು 0.67 ಮಿ.ಮೀ. ಎಂದು ಬಂತು. ಸುಮಾರು 250 ಮೆಗಾಪಾಸ್ಕಲ್‌ಗೆ ಮಣಿಯುವ ಉಕ್ಕಿಗೆ ಇದೇನು ಮಹಾ ಎನಿಸಿತು. ಸಿಲಿಂಡರಿಗೆ ಒತ್ತಡವನ್ನು ತ್ರಿಜ್ಯದಿಂದ ಗುಣಿಸಿ ದಪ್ಪದಿಂದ ಭಾಗಿಸುವ ಸೂತ್ರ ಹಾಕಿದೆ, 40 ಮೆಗಾಪಾಸ್ಕಲ್. ಅದೂ ಸಲೀಸು. ನಕ್ಷೆ ತಿದ್ದಿ ಸಹಿ ಮಾಡಿದೆ.

ನೀರು ತುಂಬಿ ಪರೀಕ್ಷೆ ಮಾಡಿದ ದಿನ ಮುಚ್ಚಳದ ನಡುವೆ ಇಟ್ಟ ಡಯಲ್ ಗೇಜಿನ ಮುಳ್ಳು 2 ಮಿ.ಮೀ. ದಾಟಿ ಹೋಯಿತು. ಗೇಜಿನ ಸ್ಟ್ಯಾಂಡ್ ಅಲುಗಿರಬೇಕು, ಪಾತ್ರೆ ಕಾಲುಗಳ ಮೇಲೆ ಕುಳಿತುಕೊಂಡಿರಬೇಕು ಎಂದೆಲ್ಲ ಹೇಳಿ ವರದಿಯಲ್ಲಿ ಆ ಸಾಲನ್ನು ಖಾಲಿ ಬಿಟ್ಟೆವು. ಎಲ್ಲೂ ಸೋರಲಿಲ್ಲವಲ್ಲ! ಬಳಕೆಗೆ ಹೋದ ಮೇಲೆ ಸೋರಿತು. ತೆರೆದು ನೋಡಿದರೆ ಸಿಲಿಂಡರಿನ ಒಳಮೈಯಲ್ಲಿ, ಬೆಸುಗೆಯ ಬುಡಕ್ಕೆ ಅಂಟಿಕೊಂಡು, ಸುತ್ತಳತೆಯ ಉದ್ದಕ್ಕೆ ಕೂದಲೆಳೆಯ ಬಿರುಕು. ಮುಚ್ಚಳಕ್ಕೆ ಏನೂ ಆಗಿರಲಿಲ್ಲ. ಬೆಸುಗೆಗಾರನನ್ನು ಕರೆಸಿ ತರಾಟೆಗೆ ತೆಗೆದುಕೊಂಡರು. ಪಾಪ, ಅವನ ಕೆಲಸದಲ್ಲಿ ಲೋಪವಿರಲಿಲ್ಲ.

ಲೋಪ ನನ್ನ ಗುರುತಿನಲ್ಲಿತ್ತು. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಈಗ ಅದೇ ಜಾಗದಲ್ಲಿ ನಿಂತಿದ್ದೀರಿ.

ಅಂಚು ಬಿಗಿ ಎಂದರೆ ಅಲ್ಲಿ ತಿರುಗುವಿಕೆ ಸೊನ್ನೆ. ಅದು ಸೊನ್ನೆಯಾಗಿರಬೇಕಾದರೆ ಯಾರೋ ಅಲ್ಲಿ ಬಾಗುವ ಮೊಮೆಂಟ್, ಅಂದರೆ ಬಾಗಿಸುವ ತಿರುಗುಬಲ, ಕೊಟ್ಟು ಮುಚ್ಚಳವನ್ನು ತಡೆಯಬೇಕು. ವೃತ್ತಾಕಾರದ ಪ್ಲೇಟಿಗೆ ಆ ಮೊಮೆಂಟ್ ಎಷ್ಟೆಂದು ಎಲ್ಲರಿಗೂ ಗೊತ್ತು: ಒತ್ತಡ ಗುಣಿಸು ತ್ರಿಜ್ಯದ ವರ್ಗ, ಅದರ ಎಂಟನೆಯ ಒಂದು ಭಾಗ. ನನ್ನ ಮುಚ್ಚಳದ ಲೆಕ್ಕದಲ್ಲಿ ಅದು ಲಾಭವಾಗಿ ಬಂತು. ನಡುವಿನ ಸ್ಟ್ರೆಸ್ ಇಳಿಯಿತು, ಉಬ್ಬು ಇಳಿಯಿತು. ಆದರೆ ಆ ಮೊಮೆಂಟ್ ಕೊಡುವವರು ಯಾರು? ಸಿಲಿಂಡರಿನ ಮೇಲಂಚು. ಅದರ ಲೆಕ್ಕದಲ್ಲಿ ಈ ಮೊಮೆಂಟ್ ಇರಲೇ ಇಲ್ಲ. ಸಾಲ ತೆಗೆದುಕೊಂಡವನ ಪುಸ್ತಕದಲ್ಲಿ ಜಮೆ ಇದೆ, ಕೊಟ್ಟವನ ಪುಸ್ತಕದಲ್ಲಿ ಖರ್ಚು ಇಲ್ಲ. ಕೊಟ್ಟವನ ಬಳಿ ಅಷ್ಟು ಹಣವಿತ್ತೇ ಎಂದು ನಾನು ಕೇಳಲೂ ಇಲ್ಲ. ಕೇಳಿದ್ದರೆ ಒಂದೇ ಸಾಲಿನಲ್ಲಿ ಉತ್ತರ ಸಿಗುತ್ತಿತ್ತು: ಅಷ್ಟೂ ಮೊಮೆಂಟನ್ನು 10 ಮಿ.ಮೀ. ಗೋಡೆ ಹೊರಬೇಕಾದರೆ ಅದರಲ್ಲಿ 1500 ಮೆಗಾಪಾಸ್ಕಲ್ ಸ್ಟ್ರೆಸ್ ಹುಟ್ಟಬೇಕು. ಅಂಥ ಗೋಡೆ ಯಾವ ಮುಚ್ಚಳವನ್ನೂ ಬಿಗಿಯಾಗಿ ಹಿಡಿದಿರಲಾರದು.

ಹಾಗಾದರೆ ನಿಜವಾಗಿ ಎಷ್ಟು ಹೋಗುತ್ತದೆ? ಎರಡೂ ಒಟ್ಟಿಗೆ ತಿರುಗುತ್ತವೆ. ಮೊಮೆಂಟ್ ಬಿಗಿತಕ್ಕೆ ತಕ್ಕಂತೆ ಹಂಚಿಕೆಯಾಗುತ್ತದೆ. ಮುಚ್ಚಳದ ಅಂಚು ತಿರುಗದಂತೆ ತೋರುವ ಬಿಗಿತಕ್ಕೆ ಅದರ ಬಾಗುಬಿಗಿತವನ್ನು 1.3ರಿಂದ ಗುಣಿಸಿ ತ್ರಿಜ್ಯದಿಂದ ಭಾಗಿಸಿ. ಸಿಲಿಂಡರಿಗೆ ಅದರ ಬಾಗುಬಿಗಿತವನ್ನು 2.57ರಿಂದ ಗುಣಿಸಿ, ತ್ರಿಜ್ಯ ಮತ್ತು ದಪ್ಪದ ಗುಣಲಬ್ಧದ ವರ್ಗಮೂಲದಿಂದ ಭಾಗಿಸಿ. ಪಾಯ್ಸಾನ್ ಅನುಪಾತ (ಎಳೆದಾಗ ಲೋಹ ಅಡ್ಡಕ್ಕೆ ಎಷ್ಟು ಕುಗ್ಗುತ್ತದೆ ಎಂಬುದರ ಅಳತೆ) 0.3 ಎಂದು ಹಿಡಿದದ್ದು. ಬಾಗುಬಿಗಿತ ದಪ್ಪದ ಘನಕ್ಕೆ ಅನುಪಾತದಲ್ಲಿದೆ ಎಂಬುದನ್ನು ಮರೆಯಬೇಡಿ: ನಾಲ್ಕು ಪಟ್ಟು ದಪ್ಪ ಎಂದರೆ 64 ಪಟ್ಟು ಬಿಗಿತ. ನನ್ನ ಪಾತ್ರೆಯಲ್ಲಿ ನೂರರಲ್ಲಿ ಮುಚ್ಚಳಕ್ಕೆ 82 ಪಾಲು, ಸಿಲಿಂಡರಿಗೆ 18 ಪಾಲು ಬರುತ್ತದೆ. ಅಂದರೆ ನಾನು ನಂಬಿದ್ದ ಮೊಮೆಂಟಿನಲ್ಲಿ ಶೇಕಡಾ 18ರಷ್ಟು ಮಾತ್ರ ಅಂಚಿನಲ್ಲಿ ನಿಜವಾಗಿ ಇತ್ತು. ಉಬ್ಬು 0.67 ಅಲ್ಲ, ಸುಮಾರು 2.35 ಮಿ.ಮೀ. ಡಯಲ್ ಗೇಜ್ ಸರಿಯಾಗಿಯೇ ಹೇಳಿತ್ತು. ನಡುವಿನ ಸ್ಟ್ರೆಸ್ 61 ಅಲ್ಲ, 138. ಆ ಶೇಕಡಾ 18ರ ಮೊಮೆಂಟೇ 10 ಮಿ.ಮೀ. ಗೋಡೆಯಲ್ಲಿ ಹುಟ್ಟಿಸಿದ ಬಾಗುವ ಸ್ಟ್ರೆಸ್ 269 ಮೆಗಾಪಾಸ್ಕಲ್. ಮುಚ್ಚಳ ಉಬ್ಬಿದಾಗ ಅಂಚು ತಿರುಗಿ ಗೋಡೆಯನ್ನು ಒಳಕ್ಕೆ ತಳ್ಳುತ್ತದೆ, ಆದ್ದರಿಂದ ಎಳೆತ ಒಳಮೈಯಲ್ಲಿ. ಬಿರುಕೂ ಅಲ್ಲೇ. ಒತ್ತಡದಿಂದ ಗೋಡೆ ಹೊರಕ್ಕೆ ಹಿಗ್ಗಲು ನೋಡುವುದನ್ನೂ ಸೇರಿಸಿದರೆ ಅಂಕಿ ಇನ್ನೂ ಏರುತ್ತದೆ. ಎರಡೂ ಒಂದೇ ದಿಕ್ಕಿನವು.

ಈಗ ನಿಮ್ಮ ‘ಯಾವುದು ಸುರಕ್ಷಿತ’ ಎಂಬ ಮಾತಿಗೆ ಬರುತ್ತೇನೆ. ಎರಡೂ ರೀತಿಯಲ್ಲಿ ಲೆಕ್ಕ ಮಾಡಿ, ಹೆಚ್ಚು ಬಂದದ್ದನ್ನು ತೆಗೆದುಕೊಳ್ಳಿ ಎಂದು ಸಲಹೆ ಕೊಡುವವರು ಬೇಕಾದಷ್ಟು ಜನರಿದ್ದಾರೆ. ಬಿಡಿ ಮುಚ್ಚಳಕ್ಕೆ ಆ ಸಲಹೆ ನಡೆಯುತ್ತದೆ: ಬಿಗಿ ಅಂಚಿನಲ್ಲಿ 94, ಸರಳ ಆಧಾರದ ನಡುವಿನಲ್ಲಿ 155, ನಿಜ ಅವುಗಳ ನಡುವೆ. ಆದರೆ ನನ್ನ ಪಾತ್ರೆ ಒಡೆದದ್ದು ಮುಚ್ಚಳದಲ್ಲಲ್ಲ. ಸರಳ ಆಧಾರ ಎಂದರೆ ಸಿಲಿಂಡರಿಗೆ ಹೋಗುವ ಮೊಮೆಂಟ್ ಸೊನ್ನೆ. ಬಿಗಿ ಎಂದರೆ ಸಿಲಿಂಡರೇ ಲೆಕ್ಕದಿಂದ ಹೊರಗೆ. ಎರಡು ಸಲ ಲೆಕ್ಕ ಮಾಡಿದರೂ 269 ಎಂಬ ಅಂಕಿ ಎಲ್ಲೂ ಕಾಣಿಸುವುದಿಲ್ಲ. ಆದ್ದರಿಂದ ಆಯ್ಕೆಯನ್ನೇ ಕೈಬಿಡಿ. ಮುಚ್ಚಳವನ್ನೂ ಸಿಲಿಂಡರನ್ನೂ ಒಂದೇ ಮಾದರಿಯಲ್ಲಿ ಸೇರಿಸಿ. ಸಿಲಿಂಡರ್ ಪೂರ್ತಿ ಬೇಕಿಲ್ಲ. ಅಂಚಿನ ಮೊಮೆಂಟಿನ ಪ್ರಭಾವ ಬೇಗ ಅಳಿಯುತ್ತದೆ. ತ್ರಿಜ್ಯ ಮತ್ತು ದಪ್ಪದ ಗುಣಲಬ್ಧದ ವರ್ಗಮೂಲದ ಎರಡೂವರೆ ಪಟ್ಟು ದೂರದಲ್ಲಿ, ನನ್ನ ಪಾತ್ರೆಯಲ್ಲಿ ಸುಮಾರು 175 ಮಿ.ಮೀ. ಕೆಳಗೆ, ಅದು ಇಲ್ಲವೇ ಇಲ್ಲ ಎನ್ನುವಷ್ಟು. ಅದರ ಎರಡರಷ್ಟು ಉದ್ದ ಇಟ್ಟುಕೊಂಡರೆ ಧಾರಾಳ.

ಇದು ಗೌಣ ಸ್ಟ್ರೆಸ್, ತಾನಾಗಿ ತಗ್ಗುತ್ತದೆ, ಒತ್ತಡದ ಪಾತ್ರೆಗಳಿಗಾಗಿ ಅಮೆರಿಕದ ಇಂಜಿನಿಯರುಗಳ ಸಂಘ ಎಎಸ್‌ಎಂಇ ಬರೆದ ಸಂಹಿತೆಯೇ ಇಂಥದ್ದಕ್ಕೆ ಹೆಚ್ಚಿನ ಮಿತಿ ಕೊಟ್ಟಿದೆ ಎಂದು ಯಾರಾದರೂ ವಾದಿಸಬಹುದು. ನನ್ನೊಡನೆಯೂ ವಾದಿಸಿದರು. ಅದೇ ಸಂಹಿತೆ ಇನ್ನೊಂದು ಮಾತನ್ನೂ ಹೇಳುತ್ತದೆ: ಮುಚ್ಚಳದ ನಡುವಿನ ಸ್ಟ್ರೆಸ್ಸನ್ನು ಮಿತಿಯೊಳಗೆ ಇಡಲು ಅಂಚಿನ ಮೊಮೆಂಟ್ ಬೇಕೇ ಬೇಕು ಎಂದಾದರೆ ಆ ಸ್ಟ್ರೆಸ್ ಗೌಣವಲ್ಲ, ಪ್ರಾಥಮಿಕ, ಅಂದರೆ ಹೊರೆಯನ್ನು ನೇರವಾಗಿ ಹೊರುವಂಥದ್ದು. ಅಂಚನ್ನು ನಂಬಿ ದಪ್ಪ ಇಳಿಸುವವರಿಗೆಂದೇ ಬರೆದಂತಿದೆ. ದಿನವೂ ತುಂಬಿ ಇಳಿಸುವ ಪಾತ್ರೆಯಲ್ಲಿ ಗೌಣವಾದದ್ದೂ ದಣಿವಿನ (ಮತ್ತೆ ಮತ್ತೆ ಹೊರೆ ಬಿದ್ದು ಲೋಹ ಬಿರುಕು ಬಿಡುವುದರ) ಲೆಕ್ಕಕ್ಕೆ ಬಂದೇ ಬರುತ್ತದೆ.

ಬಿರುಕಿನ ನಂತರ ಎಲ್ಲರ ಬಾಯಲ್ಲೂ ಒಂದೇ ಪರಿಹಾರ: ಒಡೆದದ್ದು ಗೋಡೆ, ಗೋಡೆಯನ್ನೇ ದಪ್ಪ ಮಾಡಿ. ಮಾಡಿ ನೋಡಿದೆ, ಕಾಗದದ ಮೇಲೆ. ಗೋಡೆಯನ್ನು 20 ಮಿ.ಮೀ. ಮಾಡಿದರೆ ಅದರ ಬಿಗಿತ ಏರುತ್ತದೆ, ಏರಿದ ಬಿಗಿತ ಇನ್ನಷ್ಟು ಮೊಮೆಂಟನ್ನು ಸೆಳೆದುಕೊಳ್ಳುತ್ತದೆ. ದಪ್ಪ ದುಪ್ಪಟ್ಟಾದರೂ 269 ಇಳಿದದ್ದು 207ಕ್ಕೆ ಮಾತ್ರ. ಮುಚ್ಚಳವನ್ನು ಹಳೆಯ 50 ಮಿ.ಮೀ.ಗೆ ಮರಳಿಸಿದರೆ 151. ನಾನು ಉಳಿಸಿದೆ ಎಂದು ಬೀಗಿದ್ದ 10 ಮಿ.ಮೀ. ಉಕ್ಕೇ ಆ ಗೋಡೆಯನ್ನು ಕಾಯುತ್ತಿತ್ತು. ಹಳೆಯ ನಕ್ಷೆ ಬರೆದವರು ಅದನ್ನು ತಿಳಿದೇ ಮಾಡಿದ್ದರೋ, ಇರಲಿ ಎಂದು ದಪ್ಪ ಇಟ್ಟಿದ್ದರೋ, ಕೇಳಲು ಅವರು ಆಗಲೇ ನಿವೃತ್ತರಾಗಿದ್ದರು.

ನೀವು ಬಿಗಿ ಬೇಡ ಎಂದು ಸರಳ ಆಧಾರದ ಕಡೆ ವಾಲುತ್ತಿದ್ದರೆ ಅಲ್ಲೂ ಒಂದು ಗುಂಡಿ ಇದೆ. ಕಂಪ್ಯೂಟರ್ ಲೆಕ್ಕಕ್ಕಾಗಿ ವೃತ್ತವನ್ನು ನೇರ ಅಂಚಿನ ಅಂಶಗಳಿಂದ, ಅಂದರೆ ಸಣ್ಣ ತುಂಡುಗಳಿಂದ, ಕಟ್ಟಿದರೆ ನಿಮ್ಮ ಪ್ಲೇಟ್ ವೃತ್ತವಲ್ಲ, ಬಹುಭುಜ. ನೇರ ಬದಿಯ ಉದ್ದಕ್ಕೂ ಉಬ್ಬು ಸೊನ್ನೆ ಎಂದರೆ ಆ ದಿಕ್ಕಿನ ಇಳಿಜಾರೂ ಸೊನ್ನೆ. ಎರಡು ಬದಿ ಸೇರುವ ಮೂಲೆಯಲ್ಲಿ ಎರಡು ದಿಕ್ಕಿನ ಇಳಿಜಾರೂ ಸೊನ್ನೆಯಾಗಿ ಪ್ಲೇಟ್ ಅಲ್ಲಿ ತಿರುಗದಂತಾಗುತ್ತದೆ. ಮೆಶ್ (ಆ ತುಂಡುಗಳ ಜಾಲ) ಸಣ್ಣದಾದಂತೆ ಇಂಥ ಮೂಲೆಗಳು ಹೆಚ್ಚುತ್ತವೆ. ಉತ್ತರ ನಯವಾಗಿ ಒಂದು ಅಂಕಿಗೆ ಬಂದು ನಿಲ್ಲುತ್ತದೆ, ಆದರೆ ಅದು ತಪ್ಪು ಅಂಕಿ: ನಡುವಿನ ಉಬ್ಬು ಇರಬೇಕಾದದ್ದಕ್ಕಿಂತ ಶೇಕಡಾ 26ರಷ್ಟು ಕಡಿಮೆ. 1960ರ ದಶಕದಲ್ಲಿ ಗಣಿತಜ್ಞ ಈವೊ ಬಾಬುಷ್ಕ ಎತ್ತಿ ತೋರಿಸಿದ ಈ ವಿರೋಧಾಭಾಸ ಅವರ ಹೆಸರಿನಿಂದಲೇ ಪ್ರಸಿದ್ಧ. ದಪ್ಪದ ಕತ್ತರಿ ವಿರೂಪವನ್ನೂ (ಪದರಗಳು ಒಂದರ ಮೇಲೊಂದು ಜಾರಿದಂತಾಗುವುದನ್ನೂ) ಎಣಿಸುವ ಅಂಶಗಳಲ್ಲಿ ಅಂಚಿನ ಉಬ್ಬನ್ನು ಮಾತ್ರ ಸೊನ್ನೆ ಮಾಡಿ, ಎರಡೂ ತಿರುಗುವಿಕೆಗಳನ್ನು ಮುಕ್ತವಾಗಿ ಬಿಟ್ಟರೆ ಪಾರಾಗುತ್ತೀರಿ. ಅಂಚಿನ ವಿಷಯದಲ್ಲಿ ಗೊಂದಲಕ್ಕೆ ಬಿದ್ದವರು ನಾವೇ ಮೊದಲಿಗರಲ್ಲ. ಮುಕ್ತ ಅಂಚಿಗೆ ಮೂರು ನಿಬಂಧನೆ ಬೇಕು ಎಂದು ಪಾಯ್ಸಾನ್ ಹೇಳಿದ್ದನ್ನು ತಿದ್ದಿ, ಎರಡೇ ಸಾಕು ಎಂದು ಕಿರ್ಕಾಫ್ 1850ರಲ್ಲಿ ತೋರಿಸಬೇಕಾಯಿತು.

ಮೆಶ್ ಸಣ್ಣ ಮಾಡಿದಷ್ಟೂ ಅಂಚಿನ ಸ್ಟ್ರೆಸ್ ಏರುತ್ತಲೇ ಇದೆ, ಎಲ್ಲಿ ನಿಲ್ಲಿಸಲಿ ಎಂದೂ ಕೇಳಿದ್ದೀರಿ. ನೀವು ಬಳಸಿರುವುದು ಘನ ಅಂಶಗಳು (ಮೂರು ಆಯಾಮದ ತುಂಡುಗಳು) ಎಂದು ಇದರಿಂದಲೇ ಊಹಿಸುತ್ತೇನೆ. ಚೂಪಾದ ಒಳಮೂಲೆಯಲ್ಲಿ ಅದು ಏರುತ್ತಲೇ ಹೋಗುತ್ತದೆ, ಸಿದ್ಧಾಂತದ ಪ್ರಕಾರ ಅದಕ್ಕೆ ಮಿತಿಯೇ ಇಲ್ಲ. ಅಲ್ಲಿನ ತುದಿ ಅಂಕಿಯನ್ನು ಓದಬೇಡಿ. ಗೋಡೆಯ ದಪ್ಪದ ಉದ್ದಕ್ಕೆ ಸ್ಟ್ರೆಸ್ಸನ್ನು ತೆಗೆದು, ಸರಾಸರಿ ಭಾಗ ಮತ್ತು ಬಾಗುವ ಭಾಗ ಎಂದು ಬೇರ್ಪಡಿಸಿ. ಆ ಎರಡು ಅಂಕಿಗಳು ಮೆಶ್‌ನೊಂದಿಗೆ ಏರದೆ ನಿಲ್ಲುತ್ತವೆ. ಅದಕ್ಕೂ ಮೊದಲು ಮೇಲಿನ ಎರಡು ಬಿಗಿತಗಳನ್ನು ಕೈಯಲ್ಲೇ ಲೆಕ್ಕ ಹಾಕಿ. ಅರ್ಧ ಪುಟದ ಕೆಲಸ. ನಿಮ್ಮ ತ್ರಿಜ್ಯ, ಎರಡೂ ದಪ್ಪ, ಒತ್ತಡ ಇಲ್ಲಿ ಬರೆದರೆ ನಾನೂ ಹಾಕಿ ನೋಡುತ್ತೇನೆ.