“ಸುಮ್ನೆ ತಮಾಷೆಗೆ ಮಾಡ್ದೆ ಕಣಮ್ಮ”

ಪ್ರಶ್ನೆ: ನಾವು ಮಂಡ್ಯದವರು. ಮಗ ಒಂಬತ್ತನೇ ಕ್ಲಾಸು. ಅವನ ಕ್ಲಾಸಿನ ಒಬ್ಬ ಹುಡುಗನಿಗೆ ಉಗ್ಗು. ರಾಜ್ಯೋತ್ಸವಕ್ಕೆ ಆ ಹುಡುಗ ಮಾಡಿದ ಭಾಷಣದ ವಿಡಿಯೊ ಪೋಷಕರ ಗ್ರೂಪಿಗೆ ಬಂದಿತ್ತು. ನನ್ನ ಮಗ ಅದನ್ನು ಕತ್ತರಿಸಿ ವಾಟ್ಸಾಪ್ ಸ್ಟಿಕರ್ ಮಾಡಿದ್ದಾನೆ. ಆ ಹುಡುಗನ ಹೆಸರಲ್ಲೇ ಇನ್‌ಸ್ಟಾಗ್ರಾಂ ಖಾತೆ ತೆರೆದು ಅಲ್ಲೂ ಹಾಕಿದ್ದಾನೆ. ಮಾಡಿದ್ದು ಇವನೇ ಅಂತ ಹೊರಗೆ ಇನ್ನೂ ಯಾರಿಗೂ ಗೊತ್ತಿಲ್ಲ. ಆ ಹುಡುಗನ ತಾಯಿ ನನ್ನ ಗೆಳತಿ. ದಿನಾ ಬೆಳಗ್ಗೆ ಸರ್ ಎಂ.ವಿ. ಸ್ಟೇಡಿಯಂನಲ್ಲಿ ಜೊತೆಗೇ ವಾಕಿಂಗ್ ಮಾಡುತ್ತೇವೆ. “ಮಗ ಹೊಟ್ಟೆನೋವು ಅಂತ ಸ್ಕೂಲಿಗೇ ಹೋಗ್ತಿಲ್ಲ, ಡಾಕ್ಟ್ರು ಏನೂ ಇಲ್ಲ ಅಂತಾರೆ” ಎಂದು ನನ್ನ ಹತ್ತಿರವೇ ಅತ್ತಳು. ನಮ್ಮ ಯಜಮಾನರು, “ಎಲ್ಲ ಡಿಲೀಟ್ ಮಾಡಿಸು, ಬಾಯಿ ಬಿಡಬೇಡ, ಪೊಲೀಸು ಗಿಲೀಸು ಅಂತಾದರೆ ಹುಡುಗನ ಗತಿಯೇನು” ಅನ್ನುತ್ತಾರೆ. ಹೋದ ವರ್ಷ ನನ್ನ ಮಗನನ್ನೇ ಎಲ್ಲರೂ “ಡುಮ್ಮ” ಅಂತ ಗೋಳು ಹೊಯ್ದುಕೊಂಡಿದ್ದರು. ಏನು ಮಾಡಲಿ?

ಉತ್ತರ: ತಮ್ಮ ಮಗುವಿಗೆ ಯಾರೋ ಹೀಗೆ ಮಾಡಿದರು ಅಂತ ಬರೆಯುವವರೇ ಜಾಸ್ತಿ. ನನ್ನ ಮಗನೇ ಮಾಡಿದ ಅಂತ ಬರೆಯುವವರು ಅಪರೂಪ. ಗೆಳತಿಗೆ ಹೇಳಬೇಕು ಅನ್ನುವುದು ನಿಮಗೆ ಆಗಲೇ ಗೊತ್ತಿದೆ. ಇಲ್ಲದಿದ್ದರೆ ಇಷ್ಟುದ್ದ ಪತ್ರ ಬರೆಯುತ್ತಿರಲಿಲ್ಲ, ಅಲ್ವಾ? ಹೇಗೆ ಹೇಳುವುದು ಅನ್ನುವುದನ್ನು ನೋಡೋಣ.

ಮೊದಲು ಮಗನ ಜೊತೆ ಕೂತುಕೊಳ್ಳಿ. ಫೋನ್ ಒಡೆಯುವುದು, ಬಾರಿಸುವುದು ಬೇಡ. ಹಾಗೆ ಮಾಡಿದರೆ ಮುಂದಿನ ಸಲ ಇನ್ನೂ ಚೆನ್ನಾಗಿ ಬಚ್ಚಿಡುವುದನ್ನು ಕಲಿಯುತ್ತಾನೆ, ಅಷ್ಟೇ. “ತಮಾಷೆಗೆ” ಅಂದನಲ್ಲ, ಆ ಮಾತನ್ನೇ ಹಿಡಿದುಕೊಳ್ಳಿ. ನಾವೂ ಸ್ಕೂಲಲ್ಲಿ ಒಬ್ಬರ ಕಾಲು ಒಬ್ಬರು ಎಳೆದವರೇ. ಆದರೆ ಕಾಲೆಳೆದಾಗ ಇಬ್ಬರೂ ನಗುತ್ತಾರೆ, ಸಾಕು ಅಂದರೆ ನಿಲ್ಲುತ್ತದೆ. ಇಲ್ಲಿ ನಕ್ಕವರೆಲ್ಲ ಒಂದು ಕಡೆ, ಆ ಹುಡುಗ ಒಬ್ಬನೇ ಇನ್ನೊಂದು ಕಡೆ. ಸಾಕು ಅನ್ನಲು ಅವನಿಗೆ ದಾರಿಯೇ ಇಲ್ಲ. ನಮ್ಮ ಕಾಲದಲ್ಲಿ ಸಂಜೆ ಬೆಲ್ ಹೊಡೆದರೆ ರೇಗಿಸುವವರು ಅವರವರ ಮನೆಗೆ ಹೋಗುತ್ತಿದ್ದರು. ಈಗ ಅವರು ದಿಂಬಿನ ಕೆಳಗಿರುವ ಫೋನಿನಲ್ಲೇ ಇರುತ್ತಾರೆ. ನಿಮ್ಮ ಮಗ ಮಾಡಿದ್ದು ಒಂದು ಸಲ. ಮೂವತ್ತು ಜನ ಅದನ್ನು ಕಳಿಸಿದಷ್ಟು ಸಲವೂ ಆ ಹುಡುಗನಿಗೆ ಅದು ಹೊಸ ಪೆಟ್ಟು. ಹೊಟ್ಟೆನೋವು ಸುಳ್ಳು ಅಂದುಕೊಳ್ಳಬೇಡಿ. ಮನಸ್ಸಿನ ಭಯ ಮಕ್ಕಳಲ್ಲಿ ಎಷ್ಟೋ ಸಲ ಹೊಟ್ಟೆಯಲ್ಲೇ ನೋಯುತ್ತದೆ.

“ಡುಮ್ಮ” ಅನ್ನಿಸಿಕೊಂಡವನೇ ಇನ್ನೊಬ್ಬನನ್ನು ಹಿಡಿದುಕೊಂಡದ್ದು ನನಗೆ ಆಶ್ಚರ್ಯ ತರಲಿಲ್ಲ. ಗುಂಪು ಬೇರೆಯವನ ಕಡೆ ನೋಡುತ್ತಿದ್ದರೆ ತನ್ನ ಕಡೆ ನೋಡುವುದಿಲ್ಲ ಅನ್ನುವ ಲೆಕ್ಕ ಅದು. ಹೋದ ವರ್ಷ ರಾತ್ರಿ ಹೊತ್ತು ನಿನಗೆ ಹೇಗನ್ನಿಸುತ್ತಿತ್ತು ಅಂತ ಕೇಳಿ. ಉತ್ತರಕ್ಕೆ ಅವಸರ ಮಾಡಬೇಡಿ. ಆದರೆ ಇದೇ ನೆಪ ಇಟ್ಟುಕೊಂಡು “ಪಾಪ” ಅಂತ ಬಿಟ್ಟುಬಿಡಲೂ ಬೇಡಿ.

ಈಗ ಡಿಲೀಟ್ ವಿಷಯ. ವಾಟ್ಸಾಪಿನಲ್ಲಿ ಎಲ್ಲರಿಗೂ ಕಾಣದಂತೆ ಅಳಿಸಲು ಆಗುವುದು ಕಳಿಸಿದ ಸುಮಾರು ಎರಡೂವರೆ ದಿನದೊಳಗೆ ಮಾತ್ರ. ಅಷ್ಟರಲ್ಲಿ ಯಾರಾದರೂ ಸ್ಟಿಕರ್ ಉಳಿಸಿಕೊಂಡಿದ್ದರೆ ಮುಗಿಯಿತು, ಅದು ಅವರ ಫೋನಿನಲ್ಲಿ ಇದ್ದೇ ಇರುತ್ತದೆ. ಹಾಗಾಗಿ ಯಜಮಾನರು ಹೇಳಿದ ಹಾಗೆ ಗುಟ್ಟಾಗಿ ಒರೆಸಿಹಾಕುವುದು ಆಗದ ಕೆಲಸ. ಮೊದಲು ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಆಮೇಲೆ ಆ ಇನ್‌ಸ್ಟಾಗ್ರಾಂ ಖಾತೆಯನ್ನು ಮಗನ ಕೈಯಿಂದಲೇ ತೆಗೆಸಿ. ಸ್ಟಿಕರ್ ಹರಿದಾಡಿದ ಗ್ರೂಪಿನಲ್ಲಿ ಅವನೇ ಬರೆಯಲಿ: “ಇದನ್ನು ಮಾಡಿದ್ದು ನಾನು. ತಪ್ಪು ಮಾಡಿದೆ. ಎಲ್ಲರೂ ತೆಗೆದುಹಾಕಿ.” ನಾಲ್ಕು ಜನ ಅವನನ್ನೇ ಆಡಿಕೊಳ್ಳಬಹುದು. ಆಡಿಕೊಳ್ಳಲಿ.

ಯಜಮಾನರ ಪೊಲೀಸ್ ಭಯಕ್ಕೂ ಒಂದು ಮಾತು. ಇನ್ನೊಬ್ಬರ ಸೋಗಿನಲ್ಲಿ ಆನ್‌ಲೈನ್ ಮೋಸ ಮಾಡುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಅಪರಾಧ, ಹಾಗಾಗಿ ಸುಳ್ಳು ಖಾತೆ ತೆರೆಯುವುದು ಸಣ್ಣ ವಿಷಯವಲ್ಲ. ಆದರೆ ನಿಮ್ಮ ಮಗನ ವಯಸ್ಸಿನವರ ವಿಚಾರ 2015ರ ಬಾಲನ್ಯಾಯ ಕಾಯ್ದೆಯಂತೆ ಬಾಲನ್ಯಾಯ ಮಂಡಳಿಯ ಮುಂದೆ ಬರುತ್ತದೆ. ಅಲ್ಲಿ ಜೈಲಿನ ಮಾತಿಲ್ಲ, ಮಗುವನ್ನು ತಿದ್ದುವುದೇ ಅದರ ಉದ್ದೇಶ. ಮುಚ್ಚಿಟ್ಟು ಸಿಕ್ಕಿಬೀಳುವುದಕ್ಕಿಂತ ತಾವಾಗಿ ಹೋಗಿ ಹೇಳುವುದು ಎಲ್ಲಿಯೂ ವಾಸಿ. ಗೆಳತಿಯ ಮನೆಯವರು ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗೆ ದೂರು ಕೊಡುತ್ತೇವೆ ಅಂದರೆ ಅದು ಅವರ ಹಕ್ಕು. “ಬೇಡ ಕಣೇ” ಅಂತ ಕೈ ಹಿಡಿಯಬೇಡಿ.

ಗೆಳತಿಯ ಮನೆಗೆ ಮೊದಲು ನೀವೊಬ್ಬರೇ ಹೋಗಿ. ಮಗನನ್ನು ಎಳೆದುಕೊಂಡು ಹೋಗಿ ಕಾಲಿಗೆ ಬೀಳಿಸಬೇಡಿ. ನಿಮ್ಮ ಮಗನ ಮುಖ ನೋಡಬೇಕೋ ಬೇಡವೋ ಅನ್ನುವುದನ್ನು ಆ ಹುಡುಗ ತೀರ್ಮಾನಿಸಲಿ. “ಕ್ಷಮಿಸಿದೆ ಅನ್ನಪ್ಪ” ಅಂತ ಅವನನ್ನು ಪೀಡಿಸುವುದೂ ಒಂದು ಥರದ ಕಿರುಕುಳವೇ. ಕ್ಲಾಸ್ ಟೀಚರಿಗೂ ತಿಳಿಸಿ, ಯಾಕೆಂದರೆ ನಕ್ಕ ಉಳಿದವರನ್ನು ತಿದ್ದುವುದು ನಿಮ್ಮ ಕೈಲಾಗುವ ಕೆಲಸವಲ್ಲ. ಆ ಹುಡುಗ ಊಟ ಬಿಟ್ಟಿದ್ದರೆ, ನಿದ್ದೆ ಮಾಡದಿದ್ದರೆ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಬದುಕುವುದೇ ಬೇಡ ಅನ್ನುವಂಥ ಮಾತೇನಾದರೂ ಬಂದರೆ ಮಾತ್ರ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಒಂದು ಎಚ್ಚರಿಕೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಉಗ್ಗಿಗೆ ಅಲ್ಲಿ ತರಬೇತಿ ಕೊಡುತ್ತಾರೆ ಅಂತ ನಿಮಗೆ ಗೊತ್ತಿರಬಹುದು. ಅವತ್ತು ಆ ಮಾತು ಎತ್ತಲೇಬೇಡಿ! ಸರಿಹೋಗಬೇಕಾದದ್ದು ಅವರ ಮಗನ ನಾಲಿಗೆ ಅಂದ ಹಾಗಾಗುತ್ತದೆ. ಉಗ್ಗಿನ ಬಗ್ಗೆ ತಿಳಿಯಬೇಕಾದವನು ನಿಮ್ಮ ಮಗ. ಅದು ದಡ್ಡತನವಲ್ಲ, ಹೆದರಿಕೆಯಿಂದ ಹುಟ್ಟುವುದೂ ಅಲ್ಲ. ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಶುರುವಾಗುತ್ತದೆ. ಎದುರಿಗಿದ್ದವರು ನಕ್ಕರೆ ಇನ್ನಷ್ಟು ತಡವರಿಸುತ್ತದೆ. ಅಷ್ಟಿದ್ದೂ ಆ ಹುಡುಗ ಮೈಕ್ ಮುಂದೆ ನಿಂತ. ಅದಕ್ಕೆ ಎಷ್ಟು ಧೈರ್ಯ ಬೇಕಿತ್ತು ಅಂತ ಮಗನನ್ನು ಕೇಳಿ ನೋಡಿ.

ಗೆಳತಿ ಬೈಯಬಹುದು, ನಾಳೆಯಿಂದ ವಾಕಿಂಗಿಗೆ ಬೇರೆ ಹೊತ್ತು ನೋಡಿಕೊಳ್ಳಬಹುದು. ಅದಕ್ಕೆ ಸಿದ್ಧರಾಗಿಯೇ ಹೋಗಿ. ಸ್ಟೇಡಿಯಂನಲ್ಲಿ ನಾಲ್ಕು ಜನರ ಮಧ್ಯೆ ಹೇಳುವ ಮಾತಲ್ಲ ಇದು. ಇವತ್ತೇ ಫೋನ್ ಮಾಡಿ, “ಸಂಜೆ ಮನೆಗೆ ಬರ್ತೀನಿ, ಸ್ವಲ್ಪ ಮಾತಾಡೋದಿದೆ” ಅನ್ನಿ.