ಗುಮಾಸ್ತನ ಕುಂಚ, ವಿಮರ್ಶಕರ ಕಣ್ಣು

ಪ್ರಶ್ನೆ: ಮಾನ್ಯರೇ, ನಾನು ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದೇನೆ. ಬಿಡುವಿನಲ್ಲಿ ಚಿತ್ರ ಬರೆಯುತ್ತೇನೆ. ಯಾರ ಬಳಿಯೂ ಕಲಿತವನಲ್ಲ. ಗುಮಾಸ್ತನೊಬ್ಬ ಪ್ಯಾರಿಸ್ಸಿಗೆ ಹೋಗಿ ಏಕಾಏಕಿ ಮಹಾನ್ ಕಲಾವಿದನೆನಿಸಿಕೊಳ್ಳುವ ಹಳೆಯ ಇಂಗ್ಲಿಷ್ ಹಾಸ್ಯ ಸಿನಿಮಾ ಒಂದಿದೆಯಂತೆ. ಅದು ಯಾವುದು? ನನ್ನಂಥವರನ್ನು ಗೇಲಿ ಮಾಡುವುದೇ ಅದರ ಉದ್ದೇಶವೇ? ನಿಜ ಜೀವನದಲ್ಲಿ ಹೀಗಾಗುವುದುಂಟೇ?
– ಓದುಗರೊಬ್ಬರು, ಸಿದ್ದಾಪುರ, ಕೊಡಗು

ಉತ್ತರ: ಅದು ರಾಬರ್ಟ್ ಡೇ ನಿರ್ದೇಶನದಲ್ಲಿ 1961ರಲ್ಲಿ ತೆರೆಕಂಡ ‘ದ ರೆಬೆಲ್’. ನಾಯಕ ಟೋನಿ ಹ್ಯಾಂಕಾಕ್ ಲಂಡನ್ನಿನ ಕಚೇರಿಯೊಂದರ ಗುಮಾಸ್ತ. ನೀವು ಬಟವಾಡೆ ಪುಸ್ತಕದ ಅಂಚಿನಲ್ಲಿ ಮೇಸ್ತ್ರಿಯ ಮುಖ ಬರೆದರೆ ಹೇಗೋ ಹಾಗೆ, ಆತ ಲೆಕ್ಕದ ಪುಸ್ತಕದಲ್ಲಿ ವ್ಯಂಗ್ಯಚಿತ್ರ ಬರೆದು ಮೇಲಧಿಕಾರಿಯ ಕೈಗೆ ಸಿಕ್ಕಿಬೀಳುತ್ತಾನೆ. ಬಾಡಿಗೆ ಕೋಣೆಯಲ್ಲಿ ದೈತ್ಯಾಕಾರದ ವಿಗ್ರಹವೊಂದನ್ನು ಕೆತ್ತಿ ಮನೆಯೊಡತಿಯ ಕೋಪಕ್ಕೂ ಗುರಿಯಾಗುತ್ತಾನೆ. ಕೊನೆಗೆ ಎಲ್ಲವನ್ನೂ ಬಿಟ್ಟು ಪ್ಯಾರಿಸ್ಸಿಗೆ ಹೋದಾಗ, ಕ್ಯಾನ್ವಾಸಿಗೆ ಬಣ್ಣ ಸುರಿದು ಅದರ ಮೇಲೆ ಸೈಕಲ್ ಓಡಿಸುವ ಈತನ ಸುತ್ತ ಯುವಕರು ಶಿಷ್ಯರಂತೆ ನೆರೆಯುತ್ತಾರೆ.

ಆದರೆ ನಿಜವಾದ ಕೀರ್ತಿ ಬರುವುದು ಬೇರೊಬ್ಬರ ಕೆಲಸದಿಂದ. ಜೊತೆಗಿದ್ದ ಪಾಲ್ ಎಂಬ ಪ್ರತಿಭಾವಂತ, ಹ್ಯಾಂಕಾಕನ ಮುಂದೆ ತಾನು ಏನೂ ಅಲ್ಲವೆಂದು ಕೈಚೆಲ್ಲಿ, ತನ್ನ ಚಿತ್ರಗಳನ್ನು ಬಿಟ್ಟು ಊರಿಗೆ ಮರಳುತ್ತಾನೆ. ಅವನ್ನು ಕಂಡ ಪ್ರಖ್ಯಾತ ವಿಮರ್ಶಕ ಸರ್ ಚಾರ್ಲ್ಸ್, ಅವು ಹ್ಯಾಂಕಾಕನವೇ ಎಂದು ತಿಳಿದು ಕೊಂಡಾಡುತ್ತಾನೆ. ಸ್ವಾರಸ್ಯವಿರುವುದು ಕೊನೆಯಲ್ಲಿ. ಪಾಲ್ ಆ ವೇಳೆಗೆ ಹ್ಯಾಂಕಾಕನ ಬಾಲಿಶ ಶೈಲಿಯನ್ನೇ ಅನುಕರಿಸಿ ಬರೆಯತೊಡಗಿರುತ್ತಾನೆ, ಸರ್ ಚಾರ್ಲ್ಸ್ ಆ ಚಿತ್ರಗಳನ್ನೂ ಅಷ್ಟೇ ಉತ್ಸಾಹದಿಂದ ಮೆಚ್ಚುತ್ತಾನೆ! ಹ್ಯಾಂಕಾಕ್ ನಿಜವನ್ನು ಒಪ್ಪಿಕೊಂಡು, ಹಳೆಯ ಬಾಡಿಗೆ ಕೋಣೆಗೆ ಮರಳಿ, ಮತ್ತೆ ಉಳಿ ಹಿಡಿಯುತ್ತಾನೆ. ಆದ್ದರಿಂದ ಗೇಲಿಗೆ ಒಳಗಾಗುವವನು ಹವ್ಯಾಸಿಗಿಂತ ಹೆಚ್ಚಾಗಿ ವಿಮರ್ಶಕ ಎಂಬುದು ನನ್ನ ಅಭಿಪ್ರಾಯ. (ನಡುವೆ ಬರುವ ಶ್ರೀಮಂತರ ಹಡಗಿನ ಪ್ರಸಂಗ ಕೊಂಚ ಎಳೆದಂತಿದೆ.)

ನಿಜ ಜೀವನದ ಉದಾಹರಣೆಯೂ ಪ್ಯಾರಿಸ್ಸಿನದೇ. ಹೆನ್ರಿ ರೂಸೋ (1844–1910) ಅಲ್ಲಿನ ಸುಂಕದ ಕಟ್ಟೆಯ ನೌಕರರಾಗಿದ್ದರು. ಚಿತ್ರಕಲೆಯನ್ನು ತಾವಾಗಿಯೇ ಕಲಿತರು. 1886ರಿಂದ ಮುಕ್ತ ಪ್ರದರ್ಶನಗಳಲ್ಲಿ ಅವರ ಚಿತ್ರಗಳನ್ನು ಕಂಡು ಜನ ನಗುತ್ತಿದ್ದರು. ಫ್ರಾನ್ಸ್ ಬಿಟ್ಟು ಹೊರಗೆ ಹೋಗದ ಅವರು ಸಸ್ಯೋದ್ಯಾನದ ಗಿಡಗಳನ್ನು ನೋಡಿ ದಟ್ಟ ಕಾಡುಗಳನ್ನು ಬರೆದರು. ತೋಟಕ್ಕೆ ಕಾಡಾನೆ ನುಗ್ಗುವ ಊರಿನವರಾದ ನಿಮಗೆ ಅವರ 1891ರ ಹುಲಿಯನ್ನು ಕಂಡರೆ ನಗು ಬಂದೀತು. ಆದರೆ ಗಾಳಿಗೆ ಬಾಗಿದ ಹುಲ್ಲಿನ ಮೇಲೆ ಓರೆಯಾಗಿ ಸುರಿಯುವ ಆ ಮಳೆಯ ಗೆರೆಗಳನ್ನು ನಿಧಾನವಾಗಿ ನೋಡಿ. ಅವರ ಚಿತ್ರವೊಂದು ಹಳೆಯ ಸಾಮಾನಿನ ಅಂಗಡಿಯಲ್ಲಿ ಐದು ಫ್ರಾಂಕಿಗೆ ಪಿಕಾಸೊಗೆ ಸಿಕ್ಕಿತು. ಬಟ್ಟೆಯ ಮೇಲೆ ಬೇರೆ ಚಿತ್ರ ಬರೆದುಕೊಳ್ಳಬಹುದೆಂದು ಅಂಗಡಿಯವನು ಹೇಳಿದನಂತೆ. 1908ರಲ್ಲಿ ಪಿಕಾಸೊ ತಮ್ಮ ಕೋಣೆಯಲ್ಲಿ ರೂಸೋ ಅವರಿಗೆ ಔತಣವಿತ್ತರು. ಅದು ಗೌರವವೋ ತಮಾಷೆಯೋ ಎಂಬ ಚರ್ಚೆ ಇನ್ನೂ ಇದೆ.

ಒಂದು ಮಾತು: 1893ರಲ್ಲಿ ಕೆಲಸ ಬಿಟ್ಟ ರೂಸೋ, ಸಣ್ಣ ಪಿಂಚಣಿಯಲ್ಲಿ, ಪಿಟೀಲು ಪಾಠ ಹೇಳಿಕೊಡುತ್ತಾ, ಬಡತನದಲ್ಲೇ ಬದುಕಿದರು. ಹ್ಯಾಂಕಾಕನಂತೆ ಕೆಲಸ ಬಿಟ್ಟು ಹೊರಡುವ ಯೋಚನೆ ಬಂದರೆ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.