ಓದುಗರ ಪ್ರಶ್ನೆ: ಇಆರ್‌ಪಿ ಹಾಕಿಸುವಾಗ ಬ್ಲೂಪ್ರಿಂಟೋ, ಸ್ಪ್ರಿಂಟೋ?

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ ನಮ್ಮದು ಎರಕದ ಕಾರ್ಖಾನೆ, 110 ಕೆಲಸಗಾರರು. ಲೆಕ್ಕ ಟ್ಯಾಲಿಯಲ್ಲಿ, ಉತ್ಪಾದನೆ ಎಕ್ಸೆಲ್‌ನಲ್ಲಿ. ಈಗ ಖರೀದಿ, ಸ್ಟಾಕ್, ಉತ್ಪಾದನೆ, ಲೆಕ್ಕ ಎಲ್ಲವನ್ನೂ ಒಂದೇ ಕಡೆ ನಡೆಸುವ ಸಿದ್ಧ ಸಾಫ್ಟ್‌ವೇರ್, ಅಂದರೆ ಇಆರ್‌ಪಿ, ಹಾಕಿಸಬೇಕೆಂದಿದ್ದೇವೆ. ಒಬ್ಬ ಪೂರೈಕೆದಾರರು "ಅಜೈಲ್ ಮಾಡೋಣ, ಎರಡು ವಾರಕ್ಕೊಂದು ಸ್ಪ್ರಿಂಟ್ (ಸ್ವಲ್ಪ ಸ್ವಲ್ಪವೇ ಮಾಡಿ ತೋರಿಸಿ ತಿದ್ದುವ ಸುತ್ತು), ದಿನದ ಲೆಕ್ಕದಲ್ಲಿ ಬಿಲ್" ಎನ್ನುತ್ತಾರೆ. ಇನ್ನೊಬ್ಬರು "ಮೂರು ತಿಂಗಳು ಬ್ಲೂಪ್ರಿಂಟ್ (ಏನೇನು ಬೇಕೆಂದು ಪೂರ್ತಿ ಬರೆದಿಡುವ ದಾಖಲೆ), ನೀವು ಸಹಿ ಹಾಕಿದ ಮೇಲೆಯೇ ಮುಂದಿನ ಕೆಲಸ" ಎನ್ನುತ್ತಾರೆ. ಯಾರ ಮಾತು ಹಿಡಿಯಬೇಕು?

ಉತ್ತರ: ಇಬ್ಬರದೂ ಅರ್ಧರ್ಧ ಹಿಡಿಯಿರಿ, ಗೆರೆ ಮಾತ್ರ ನೀವೇ ಎಳೆಯಿರಿ. ವಹಿವಾಟು ಬೀಳತೊಡಗಿದ ಮೇಲೆ ಬದಲಿಸಲು ಕಷ್ಟವಾಗುವುದೆಲ್ಲ ಮೊದಲೇ ಬರೆದು ಸಹಿಯಾಗಲಿ. ಆಮೇಲೂ ತಿದ್ದಬಹುದಾದದ್ದು ಸ್ಪ್ರಿಂಟಿಗೆ ಹೋಗಲಿ.

ಮೊದಲ ಗುಂಪಿಗೆ ಸೇರುವವು: ಖಾತೆಗಳ ಪಟ್ಟಿ, ಐಟಂ ಕೋಡ್, ಅಳತೆಯ ಯೂನಿಟ್, ಗೋದಾಮುಗಳ ವಿಂಗಡಣೆ, ಸ್ಟಾಕಿಗೆ ಬೆಲೆ ಕಟ್ಟುವ ಪದ್ಧತಿ, ಜಿಎಸ್‌ಟಿ ಸೆಟ್ಟಿಂಗ್. ಎರಕದವರು ಎಡವುವುದು ಯೂನಿಟ್‌ನಲ್ಲಿ. ಕುಲುಮೆಯಲ್ಲಿ ಕಿಲೋ, ಮಷಿನ್ ಶಾಪಿನಲ್ಲಿ ನಗ, ಬಿಲ್ಲಿನಲ್ಲಿ ಗಿರಾಕಿ ಕೇಳಿದ್ದು. ತಪ್ಪು ಯೂನಿಟ್‌ನಲ್ಲಿ ನಾಲ್ಕು ವಾರ ನಡೆಸಿದರೆ ಕೊನೆಗೆ ಹೊಸ ಐಟಂ ಕೋಡನ್ನೇ ಮಾಡಬೇಕಾಗುತ್ತದೆ. ಅದಕ್ಕಿಂತ ದೊಡ್ಡ ತಲೆನೋವು ವಾಪಸು ಲೋಹದ್ದು. 100 ಕಿಲೋ ಸುರಿದು 65 ಕಿಲೋ ಎರಕ ಬಂತೆನ್ನಿ. ಅಚ್ಚಿನ ದಾರಿಯಲ್ಲಿ ಗಟ್ಟಿಯಾಗಿ ಉಳಿದ ಹೆಚ್ಚುವರಿ ಲೋಹ (ರನ್ನರ್, ರೈಸರ್) ಮತ್ತೆ ಕುಲುಮೆಗೇ ಹೋಗುತ್ತದೆ. ಬಿಡಿಭಾಗ ಜೋಡಿಸುವ ಕಾರ್ಖಾನೆಯನ್ನು ಕಣ್ಣಮುಂದಿಟ್ಟುಕೊಂಡು ಮಾಡಿದ ಪ್ಯಾಕೇಜಿಗೆ ಇದು ತಾನಾಗಿ ತಿಳಿಯುವುದಿಲ್ಲ. ಆ ಲೋಹ ಯಾವ ದರದಲ್ಲಿ ಸ್ಟಾಕಿಗೆ ಮರಳಬೇಕೆಂದು ಮೊದಲೇ ತೀರ್ಮಾನಿಸದಿದ್ದರೆ ಸ್ಕ್ರ್ಯಾಪ್ ಸ್ಟಾಕ್ ಮೈನಸ್‌ಗೆ ಇಳಿಯುತ್ತದೆ, ಎರಕದ ಕಿಲೋ ವೆಚ್ಚ ಸುಳ್ಳು ಹೇಳುತ್ತದೆ. ಮಷಿನಿಂಗ್‌ಗೆಂದು ಹೊರಗೆ ಕಳಿಸುವ ಮಾಲೂ ಇದೇ ಗುಂಪು: ಜಾಬ್ ವರ್ಕ್‌ಗೆ ಹೋದದ್ದು 1 ವರ್ಷದೊಳಗೆ ಬರದಿದ್ದರೆ ಕಳಿಸಿದ ದಿನವೇ ಪೂರೈಕೆಯಾಯಿತೆಂದು ಜಿಎಸ್‌ಟಿ ಬೀಳುತ್ತದೆ. ಆದ್ದರಿಂದ ಚಲನ್‌ವಾರು ಬಾಕಿ ಕಾಣಲೇಬೇಕು.

ಫೆಟ್ಲಿಂಗ್‌ನಲ್ಲಿ (ಎರಕವನ್ನು ಉಜ್ಜಿ ಚೊಕ್ಕ ಮಾಡುವ ಕಡೆ) ರಿಜೆಕ್ಷನ್ ಬರೆಯುವ ಪರದೆ, ಹೀಟ್ ನಂಬರ್‌ವಾರು (ಒಂದೊಂದು ಸಲ ಕರಗಿಸಿದ ಲೋಹದ ಗುರುತಿನ ಸಂಖ್ಯೆಯಂತೆ) ವರದಿ, ಬಿಲ್ ಪ್ರಿಂಟಿನ ರೂಪ, ಯಾರ ಅನುಮತಿ ಎಲ್ಲಿ ಬೇಕು ಎಂಬುದು: ಇವು ಸ್ಪ್ರಿಂಟಿಗೆ. ಕಾಗದದ ಮೇಲೆ ಎಷ್ಟು ಚರ್ಚಿಸಿದರೂ ಇವು ಸರಿಹೋಗುವುದು ಸೂಪರ್‌ವೈಸರ್ ಕೈಯಾರೆ ನಾಲ್ಕು ಎಂಟ್ರಿ ಹಾಕಿದಾಗಲೇ. ಪೂರೈಕೆದಾರರು ತಾವೇ ಓಡಿಸಿ ತೋರಿಸಿದ್ದನ್ನು "ಮುಗಿಯಿತು" ಎಂದು ಒಪ್ಪಬೇಡಿ.

ಮೂರು ತಿಂಗಳ ಬ್ಲೂಪ್ರಿಂಟಿಗೆ ನಮ್ಮ ಒಪ್ಪಿಗೆಯಿಲ್ಲ. ಪರದೆಯನ್ನೇ ನೋಡದವರು 200 ಪುಟ ಓದಿ ಹಾಕುವ ಸಹಿಗೆ ಬೆಲೆ ಕಡಿಮೆ. ಪರೀಕ್ಷೆಯ ದಿನ "ನಾವು ಹೇಳಿದ್ದು ಇದಲ್ಲ" ಎಂಬ ಮಾತು ಬಂದೇ ಬರುತ್ತದೆ. ಇಆರ್‌ಪಿ ಮಾಡುವ ಎಸ್‌ಎಪಿ ಕಂಪನಿಯ ಹಳೆಯ ಎಎಸ್‌ಎಪಿ ವಿಧಾನದಲ್ಲಿ ಬ್ಲೂಪ್ರಿಂಟ್ ಒಂದು ಹಂತವೇ ಆಗಿತ್ತು. 2015ರಲ್ಲಿ ಬಂದ ಆಕ್ಟಿವೇಟ್ ವಿಧಾನ ಅದರ ಜಾಗದಲ್ಲಿ ಸಿದ್ಧ ವ್ಯವಸ್ಥೆಯನ್ನು ಓಡಿಸಿ ತೋರಿಸಿ, ಹೊಂದದ್ದನ್ನು ಮಾತ್ರ ಬರೆದುಕೊಳ್ಳುವ ಕ್ರಮ ತಂದಿತು. ನೀವು ಯಾವ ಪ್ಯಾಕೇಜು ಕೊಂಡರೂ ಇದನ್ನೇ ಕೇಳಿ. ನಿಮ್ಮವೇ 10 ನಿಜವಾದ ಆರ್ಡರುಗಳನ್ನು ವಿಚಾರಣೆಯಿಂದ ವಸೂಲಿಯವರೆಗೆ ಓಡಿಸಲಿ. ಒಂದರಲ್ಲಾದರೂ ಗಿರಾಕಿ ಮಾಲು ವಾಪಸು ಕಳಿಸಿರಲಿ. ಹೊಂದದ್ದು ಕಂಡಾಗ ಮೂರೇ ದಾರಿ: ನಮ್ಮ ರೂಢಿ ಬದಲಿಸುವುದು, ಸೆಟ್ಟಿಂಗ್ ಬದಲಿಸುವುದು, ಕೋಡ್ ಬರೆಸುವುದು. ಮೂರನೆಯದಕ್ಕೆ ಪ್ರತಿಸಲ ಮಾಲೀಕರ ಸಹಿ ಬೇಕು. ಹೊಸ ಆವೃತ್ತಿ ಬಂದಾಗಲೆಲ್ಲ ಆ ಕೋಡನ್ನು ಮತ್ತೆ ಪರೀಕ್ಷಿಸುವ ಖರ್ಚು ನಿಮ್ಮದೇ.

ಹಣದ ಮಾತು: ಮೊದಲ ಗುಂಪಿಗೆ ಗುತ್ತಿಗೆ ದರ, ಸ್ಪ್ರಿಂಟಿಗೆ ದಿನದ ದರ, ಆದರೆ ಒಟ್ಟು ದಿನಗಳಿಗೆ ಮಿತಿ ಇರಲಿ. ಸ್ಟೋರ್ಸ್ ಮತ್ತು ಲೆಕ್ಕದ ವಿಭಾಗದಿಂದ ತಲಾ ಒಬ್ಬರನ್ನು ದಿನಕ್ಕೆ ಅರ್ಧ ಹೊತ್ತಾದರೂ ಬಿಟ್ಟುಕೊಡದಿದ್ದರೆ ಯಾವ ವಿಧಾನವೂ ನಡೆಯದು.

ಚಾಲನೆಯನ್ನು ಮಾತ್ರ ಸ್ಪ್ರಿಂಟ್‌ವಾರು ಮಾಡಬೇಡಿ. ಖರೀದಿ, ಸ್ಟಾಕ್, ಮಾರಾಟ, ಲೆಕ್ಕ ಒಂದೇ ದಿನ ಹೊಸದಕ್ಕೆ ಬರಲಿ. ಸ್ಟಾಕ್ ಹೊಸದರಲ್ಲಿ, ಲೆಕ್ಕ ಟ್ಯಾಲಿಯಲ್ಲಿ ಎಂದಾದರೆ ಒಂದೇ ಖರೀದಿ ಎರಡು ಕಡೆ ಟೈಪಾಗಿ ತಿಂಗಳ ಕೊನೆಗೆ ತಾಳೆಯಾಗುವುದಿಲ್ಲ. ಅದಕ್ಕೆ ಮುಂಚೆ ಡೇಟಾ ತುಂಬುವ ತಾಲೀಮು ಮೂರು ಸಲ ನಡೆಯಲಿ. ಮೂರನೆಯ ಸಲ ಟ್ರಯಲ್ ಬ್ಯಾಲೆನ್ಸ್ (ಎಲ್ಲ ಖಾತೆಗಳ ಬಾಕಿಯ ತಾಳೆಪಟ್ಟಿ) ರೂಪಾಯಿಗೆ ರೂಪಾಯಿ ಕೂಡದಿದ್ದರೆ ದಿನಾಂಕ ಮುಂದೂಡಿ.

ಪ್ರಶ್ನೆ: ವಿಜಯಪುರದಲ್ಲಿ ಒಣದ್ರಾಕ್ಷಿ ವ್ಯಾಪಾರ. ಮಾರ್ಚ್, ಏಪ್ರಿಲ್ ಹೊಸ ಮಾಲು ಬರುವ ಭರ. ಇಆರ್‌ಪಿಯನ್ನು ಏಪ್ರಿಲ್ 1ರಂದೇ ಶುರುಮಾಡಬೇಕೇ?

ಉತ್ತರ: ಕಡ್ಡಾಯವೇನಿಲ್ಲ. ವರ್ಷಾರಂಭದಲ್ಲಿ ಆರಂಭಿಕ ಬಾಕಿ ತರುವುದು ಸುಲಭ, ಅಷ್ಟೇ. ಸುಗ್ಗಿಯಲ್ಲಿ ಹೊಸ ಪರದೆ ಕಲಿಯುವ ಪುರಸೊತ್ತು ಯಾರಿಗೂ ಇರದು. ಜುಲೈ 1 ಹಿಡಿಯಿರಿ: ಜೂನ್ 30ರ ಟ್ರಯಲ್ ಬ್ಯಾಲೆನ್ಸ್, ಬಾಕಿಯಿರುವ ಒಂದೊಂದು ಬಿಲ್, ಶೀತಲಗೃಹದಲ್ಲಿರುವ ಲಾಟ್‌ವಾರು ಸ್ಟಾಕ್, ಇಷ್ಟು ತಂದರಾಯಿತು. ನಡುವರ್ಷದಲ್ಲಿ ಬಿಲ್ ನಂಬರ್ ಮರುಕಳಿಸದಂತೆ ಹೊಸ ಅಕ್ಷರದ ಸರಣಿ ಇಡಿ. ಒಟ್ಟು 16 ಅಕ್ಷರ ಮೀರಬಾರದು. ನಿಮ್ಮದು ಕಂಪನಿಯಾಗಿದ್ದರೆ 2023ರ ಏಪ್ರಿಲ್ 1ರಿಂದ ಲೆಕ್ಕದ ಸಾಫ್ಟ್‌ವೇರಿನಲ್ಲಿ ಎಡಿಟ್ ಲಾಗ್ (ಯಾವಾಗ ಏನು ತಿದ್ದಲಾಯಿತೆಂಬ ದಾಖಲೆ) ಕಡ್ಡಾಯ. ಹಳೆಯದು, ಹೊಸದು ಎರಡರಲ್ಲೂ ಅದು ಚಾಲೂ ಇದೆಯೇ ನೋಡಿಕೊಳ್ಳಿ.

ಪ್ರಶ್ನೆ: ಇಳಕಲ್ಲಿನಲ್ಲಿ ಸೀರೆ ಸಗಟು ವ್ಯಾಪಾರ, ಐದೇ ಮಂದಿ. ನಮಗೂ ಈ ವಿಧಾನ ಗಿಧಾನ ಬೇಕೇ?

ಉತ್ತರ: ಬೇಡ. ಕೊಳ್ಳುವ ಮೊದಲು ನಿಮ್ಮ ಒಂದು ವಾರದ ಚೀಟಿಗಳನ್ನು ಮಾರುವವರ ಮುಂದೆಯೇ ಪ್ಯಾಕೇಜಿಗೆ ಹಾಕಿಸಿ ನೋಡಿ. ನೇಕಾರರಿಗೆ ನೂಲು ತೂಕದಲ್ಲಿ ಹೋಗಿ ಸೀರೆ ಎಣಿಕೆಯಲ್ಲಿ ಬರುವ ಲೆಕ್ಕ ಹಿಡಿಯದಿದ್ದರೆ ಬೇರೆ ಪ್ಯಾಕೇಜು ಹುಡುಕಿ.